ಕಾಗದದ ಅಳತೆಯೂ ಯಂತ್ರದ ಎಣಿಕೆಯೂ

ಶುಲ್ಕವನ್ನು ಕಟ್ಟಿ ರಸೀದಿಯನ್ನು ಪಡೆಯದ ವಿದ್ಯಾರ್ಥಿಯಿಲ್ಲ. ಆ ಹಾಳೆಯ ಮೇಲೆ ಹೆಸರು ಒಂದೆಡೆ, ಹಣದ ಮೊತ್ತ ಮತ್ತೊಂದೆಡೆ, ದಿನಾಂಕ ಇನ್ನೊಂದೆಡೆ ಅಚ್ಚಾಗಿರುತ್ತವೆ. ಅವೆಲ್ಲವೂ ತಮ್ಮ ತಮ್ಮ ಚೌಕಗಳಲ್ಲಿ ಸರಿಯಾಗಿ ಕುಳಿತಿರುವವರೆಗೆ ಅದರಲ್ಲಿ ವಿಶೇಷವೇನೂ ನಮಗೆ ಕಾಣುವುದಿಲ್ಲ. ಒಂದು ದಿನ ಅವು ಸ್ಥಾನ ತಪ್ಪಿದಾಗ ಮಾತ್ರ, ಇಷ್ಟು ದಿನ ಅವುಗಳನ್ನು ಸರಿಯಾದ ಸ್ಥಳದಲ್ಲಿ ಕೂಡಿಸುತ್ತಿದ್ದುದು ಯಾವುದು ಎಂಬ ಪ್ರಶ್ನೆ ಹುಟ್ಟುವುದು.

ನಾವು ಬಲ್ಲ ಒಂದು ಕಾಲೇಜಿನ ಕಚೇರಿಯಲ್ಲಿ ಇಂಥದೊಂದು ಸಂಗತಿ ನಡೆಯಿತು. ಅಲ್ಲಿ ಪರೀಕ್ಷಾಶುಲ್ಕದ ರಸೀದಿಗಳನ್ನು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಮುದ್ರಿಸುವ ಪದ್ಧತಿ. ಕಾಗದವು ಒಂದಕ್ಕೊಂದು ಅಂಟಿಕೊಂಡು ಮಡಿಕೆ ಮಡಿಕೆಯಾಗಿ ಬರುವ ಉದ್ದನೆಯ ಪಟ್ಟಿ. ಒಂದೊಂದು ರಸೀದಿಯ ಅಗಲ ೧೦ ಅಂಗುಲ, ಎತ್ತರ ೬ ಅಂಗುಲ. ಕಾಲೇಜಿನ ಹೆಸರು, ಚೌಕಗಳು, ಅನುಕ್ರಮ ಸಂಖ್ಯೆ ಇವೆಲ್ಲ ಮೊದಲೇ ಅಚ್ಚಾಗಿರುವುವು. ವರ್ಷಗಳಿಂದ ಕೆಲಸ ಸುಗಮವಾಗಿ ನಡೆದಿತ್ತು. ಕಚೇರಿಯ ಹಳೆಯ ಕಂಪ್ಯೂಟರನ್ನು ತೆಗೆದು ಹೊಸದನ್ನು ಇಟ್ಟ ಮಾರನೆಯ ದಿನವೇ ತೊಂದರೆ ತಲೆದೋರಿತು. ಪ್ರಿಂಟರು ಹಳೆಯದೇ, ಕಾಗದ ಹಳೆಯದೇ, ಲೆಕ್ಕದ ತಂತ್ರಾಂಶವೂ ಹಳೆಯದೇ. ಆದರೂ ಒಮ್ಮೆಗೆ ಮುದ್ರಿಸಿದ ೨೪ ರಸೀದಿಗಳಲ್ಲಿ ನಾಲ್ಕು ಮಾತ್ರ ಸರಿಯಾಗಿದ್ದವು.

ಪಟ್ಟಿಯಲ್ಲಿ ಎರಡನೆಯವಳಾಗಿದ್ದ ವಿದ್ಯಾರ್ಥಿನಿಗೆ ಸಿಕ್ಕಿದ ಚೀಟಿಯಲ್ಲಿ ಹಣದ ಮೊತ್ತವಿತ್ತು, ಹೆಸರಿರಲಿಲ್ಲ. ಹೆಸರು ಅದರ ಹಿಂದಿನ ಹಾಳೆಯ ಕೆಳ ಅಂಚಿನಲ್ಲಿ ಅಚ್ಚಾಗಿತ್ತು. ಪರೀಕ್ಷೆಯ ಅರ್ಜಿಯನ್ನು ಸಲ್ಲಿಸಲು ಎರಡೇ ದಿನ ಉಳಿದಿತ್ತು. ಹಣ ಕಟ್ಟಿದವರು ಯಾರೆಂಬುದೇ ಇಲ್ಲದ ರಸೀದಿಯನ್ನು ಯಾರು ಒಪ್ಪುವರು? ಗುಮಾಸ್ತರ ಚಿಂತೆ ಇನ್ನೊಂದು ಬಗೆಯದು. ಅನುಕ್ರಮ ಸಂಖ್ಯೆಯುಳ್ಳ ಪ್ರತಿಯೊಂದು ಹಾಳೆಗೂ ಅವರು ಲೆಕ್ಕ ಕೊಡಬೇಕು. ೨೪ ರಸೀದಿಗಳಿಗೆ ೪೪ ಹಾಳೆಗಳು ಖರ್ಚಾಗಿದ್ದವು.

ದುರಸ್ತಿಗೆ ಬಂದವರು, “ಪ್ರಿಂಟರು ಮುದಿಯಾಗಿದೆ, ಕಾಗದ ಜಾರುತ್ತಿದೆ, ಹೊಸದನ್ನು ಕೊಳ್ಳಿ” ಎಂದು ಹೇಳಿ ಹೋದರು. ಯಂತ್ರವು ನಿಜವಾಗಿ ತಪ್ಪು ಮಾಡುತ್ತಿತ್ತೆ? ಇದನ್ನು ತಿಳಿಯಬೇಕಾದರೆ ಕಾಗದದ ಅಳತೆಗಳ ವಿಚಾರವನ್ನೂ, ಪ್ರಿಂಟರು ಕಾಗದವನ್ನು ಅಳೆಯುವ ರೀತಿಯನ್ನೂ ಮೊದಲು ಅರಿಯಬೇಕು.

ಕಾಗದದ ಅಳತೆಗಳು

ಇಂದು ನಮ್ಮ ಶಾಲಾ ಕಾಲೇಜುಗಳಲ್ಲಿ ಎಲ್ಲರೂ ಬಲ್ಲ ಅಳತೆ ಎ೪. ಅದರ ಅಗಲ ೨೧೦ ಮಿಲಿಮೀಟರು, ಎತ್ತರ ೨೯೭ ಮಿಲಿಮೀಟರು. ಈ ಸಂಖ್ಯೆಗಳು ವಿಚಿತ್ರವಾಗಿ ತೋರಿದರೂ ಇವುಗಳ ಹಿಂದೆ ಒಂದು ಸರಳವಾದ ತತ್ತ್ವವಿದೆ. ಒಂದು ಹಾಳೆಯನ್ನು ಎತ್ತರದ ನಡುವೆ ಮಡಿಸಿ ಎರಡಾಗಿ ಹರಿದರೆ, ದೊರೆಯುವ ಸಣ್ಣ ಹಾಳೆಯ ಆಕಾರವೂ ದೊಡ್ಡ ಹಾಳೆಯ ಆಕಾರದಂತೆಯೇ ಇರಬೇಕು ಎಂಬುದೇ ಆ ತತ್ತ್ವ. ಅಗಲವು ೧, ಎತ್ತರವು ಕ್ಷ ಎಂದಿಟ್ಟುಕೊಳ್ಳೋಣ. ಹರಿದ ಹಾಳೆಯ ಅಗಲ ಕ್ಷ/೨, ಎತ್ತರ ೧. ಎರಡೂ ನಿಷ್ಪತ್ತಿಗಳು ಸಮವಾಗಬೇಕಾದರೆ ಕ್ಷ = ೨/ಕ್ಷ, ಅಂದರೆ ಕ್ಷದ ವರ್ಗವು ೨ ಆಗಬೇಕು. ಆದುದರಿಂದ ಎತ್ತರವು ಅಗಲದ ೧.೪೧೪ರಷ್ಟಿರಬೇಕು. ೨೯೭ನ್ನು ೨೧೦ರಿಂದ ಭಾಗಿಸಿ ನೋಡಿದರೆ ವಾಚಕರಿಗೆ ಇದು ಮನದಟ್ಟಾಗುವುದು.

ಈ ನಿಷ್ಪತ್ತಿಯ ಅನುಕೂಲವನ್ನು ೧೭೮೬ರಲ್ಲಿಯೇ ಒಂದು ಪತ್ರದಲ್ಲಿ ಬರೆದವನು ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾನಿಲಯದ ಭೌತಶಾಸ್ತ್ರದ ಪ್ರಾಧ್ಯಾಪಕ ಲಿಕ್ಟೆನ್‌ಬರ್ಗ್. ಆ ದೇಶದಲ್ಲಿಯೇ ೧೯೨೨ರಲ್ಲಿ ವಾಲ್ಟರ್ ಪೋರ್ಸ್ಟ್‌ಮನ್ ಎಂಬಾತನ ಪ್ರಯತ್ನದಿಂದ ಇದು ಅಧಿಕೃತ ಮಾನಕವಾಯಿತು. ೧೯೭೫ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಈ ಶ್ರೇಣಿಯ ಮೊದಲ ಹಾಳೆ ಎ೦. ಅದು ೮೪೧ ಮಿ.ಮೀ. ಅಗಲ, ೧೧೮೯ ಮಿ.ಮೀ. ಎತ್ತರ, ಅದರ ವಿಸ್ತೀರ್ಣ ಹೆಚ್ಚುಕಡಮೆ ಸರಿಯಾಗಿ ಒಂದು ಚದರ ಮೀಟರು. ಅದನ್ನು ನಾಲ್ಕು ಸಲ ಅರ್ಧ ಮಾಡಿದರೆ ಎ೪ ಸಿಗುವುದು. ಚದರ ಮೀಟರಿಗೆ ೮೦ ಗ್ರಾಂ ತೂಗುವ ಕಾಗದದಲ್ಲಿ ಒಂದು ಎ೪ ಹಾಳೆ ೫ ಗ್ರಾಂ ತೂಗುವುದು ಈ ಕಾರಣದಿಂದಲೇ.

ಆದರೆ ಜಗತ್ತೆಲ್ಲವೂ ಈ ಶ್ರೇಣಿಯನ್ನು ಅನುಸರಿಸುವುದಿಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿಯೂ ಕೆನಡದಲ್ಲಿಯೂ ರೂಢಿಯಲ್ಲಿರುವುದು ಲೆಟರ್ ಎಂಬ ಅಳತೆ: ಅಗಲ ೮½ ಅಂಗುಲ, ಎತ್ತರ ೧೧ ಅಂಗುಲ. ಮಿಲಿಮೀಟರುಗಳಲ್ಲಿ ಇದು ೨೧೫.೯ ಮತ್ತು ೨೭೯.೪. ಎ೪ಗಿಂತ ತುಸು ಅಗಲ, ತುಸು ಗಿಡ್ಡ. ಕಂಪ್ಯೂಟರಿನ ಅನೇಕ ತಂತ್ರಾಂಶಗಳು ಆ ದೇಶದಲ್ಲಿ ಹುಟ್ಟಿದುವಾದ ಕಾರಣ, ‘ಯಾವ ಕಾಗದ?’ ಎಂದು ನಾವು ಹೇಳದೆ ಇದ್ದಾಗ ಅವು ಅನೇಕ ವೇಳೆ ಲೆಟರ್ ಅಳತೆಯನ್ನೇ ಊಹಿಸಿಕೊಳ್ಳುತ್ತವೆ.

ಇವೆರಡರ ಜೊತೆಗೆ ಮಡಿಕೆಯ ಕಾಗದಕ್ಕೆ ತನ್ನದೇ ಆದ ಅಳತೆಗಳಿವೆ. ನಮ್ಮ ಅಂಗಡಿಗಳಲ್ಲಿ ದೊರೆಯುವ ಈ ಕಾಗದದ ಹಾಳೆ ಸಾಮಾನ್ಯವಾಗಿ ೧೨ ಅಂಗುಲ ಎತ್ತರದ್ದು. ಅದನ್ನು ಎರಡು ಭಾಗ ಮಾಡಿದರೆ ೬ ಅಂಗುಲದ ರಸೀದಿ. ಇದರ ಎರಡು ಬದಿಗಳಲ್ಲಿಯೂ ಅರ್ಧ ಅಂಗುಲಕ್ಕೊಂದರಂತೆ ದುಂಡನೆಯ ರಂಧ್ರಗಳಿರುತ್ತವೆ. ಪ್ರಿಂಟರಿನ ಹಲ್ಲುಗಾಲಿಗಳು ಈ ರಂಧ್ರಗಳಲ್ಲಿ ಸಿಕ್ಕಿಕೊಂಡು ಕಾಗದವನ್ನು ಎಳೆಯುತ್ತವೆ. ಹಲ್ಲು ರಂಧ್ರದಲ್ಲಿ ಕುಳಿತಿರುವವರೆಗೆ ಕಾಗದ ಜಾರುವಂತಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದು ಬೇಕಾಗುವುದು.

ಪ್ರಿಂಟರು ಕಾಗದವನ್ನು ಕಾಣುವುದೆ?

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ತಲೆಯಲ್ಲಿ ೯ ಅಥವಾ ೨೪ ಸಣ್ಣ ಸೂಜಿಗಳಿರುತ್ತವೆ. ಅವು ಮಸಿಯ ಪಟ್ಟಿಯ ಮೂಲಕ ಕಾಗದವನ್ನು ಕುಟ್ಟಿ ಚುಕ್ಕೆಗಳನ್ನು ಮೂಡಿಸುತ್ತವೆ. ಚುಕ್ಕೆಗಳು ಕೂಡಿ ಅಕ್ಷರಗಳಾಗುತ್ತವೆ. ಒಂದು ಸಾಲು ಮುಗಿದ ಮೇಲೆ ಕಾಗದವು ರೂಢಿಯಂತೆ ಅಂಗುಲದ ಆರನೆಯ ಒಂದು ಭಾಗದಷ್ಟು ಮೇಲಕ್ಕೆ ಸರಿಯುವುದು. ಆದ್ದರಿಂದ ೧೧ ಅಂಗುಲದ ಪುಟದಲ್ಲಿ ೬೬ ಸಾಲುಗಳು, ೧೨ ಅಂಗುಲದ ಪುಟದಲ್ಲಿ ೭೨ ಸಾಲುಗಳು, ೬ ಅಂಗುಲದ ರಸೀದಿಯಲ್ಲಿ ೩೬ ಸಾಲುಗಳು.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಕಾಗದ ಇದೆಯೋ ಇಲ್ಲವೋ ಎಂಬುದನ್ನು ಪ್ರಿಂಟರು ತಿಳಿಯಬಲ್ಲದು. ಆದರೆ ಒಂದು ರಸೀದಿ ಮುಗಿದು ಇನ್ನೊಂದು ಆರಂಭವಾಗುವ ಹರಿಗೆರೆ ಎಲ್ಲಿದೆ ಎಂಬುದು ಇಂಥ ಸಾಮಾನ್ಯ ಪ್ರಿಂಟರಿಗೆ ಕಾಣುವುದಿಲ್ಲ. ಅದು ಸಾಲುಗಳನ್ನು ಎಣಿಸುತ್ತದೆ, ಅಷ್ಟೆ. ಕಣ್ಣು ಕಟ್ಟಿಕೊಂಡು ಹೆಜ್ಜೆಗಳನ್ನು ಎಣಿಸುತ್ತ ಮನೆಯಿಂದ ಮನೆಗೆ ನಡೆಯುವವನಂತೆ ಅದರ ಸ್ಥಿತಿ. ಮನೆಗಳ ನಡುವಣ ಹೆಜ್ಜೆಗಳ ಸಂಖ್ಯೆಯನ್ನು ನಾವು ಸರಿಯಾಗಿ ಹೇಳಿದರೆ ಅವನು ಪ್ರತಿಯೊಂದು ಬಾಗಿಲನ್ನೂ ತಟ್ಟುವನು. ತಪ್ಪಾಗಿ ಹೇಳಿದರೆ ಗೋಡೆಗಳನ್ನು ತಟ್ಟುವನು.

ಎಣಿಕೆ ಎಲ್ಲಿಂದ ಆರಂಭ? ಸಾಮಾನ್ಯವಾಗಿ ಪ್ರಿಂಟರಿಗೆ ವಿದ್ಯುತ್ತನ್ನು ಕೊಟ್ಟ ಕ್ಷಣದಲ್ಲಿ ಕಾಗದ ಎಲ್ಲಿದ್ದಿತೋ ಅದೇ ಪುಟದ ತಲೆ ಎಂದು ಅದು ಭಾವಿಸುವುದು. ಅನಂತರ ಸಾಲುಗಳನ್ನು ಎಣಿಸುತ್ತ ಹೋಗುವುದು. ಒಂದು ರಸೀದಿ ಮುಗಿಯಿತೆಂದು ಸೂಚಿಸಲು ಕಂಪ್ಯೂಟರು ‘ಫಾರ್ಮ್ ಫೀಡ್’ ಎಂಬ ಆಜ್ಞೆಯನ್ನು ಕಳುಹಿಸುತ್ತದೆ. ಅಕ್ಷರಸಂಕೇತಗಳ ಪಟ್ಟಿಯಲ್ಲಿ ಇದರ ಸಂಖ್ಯೆ ೧೨. ಈ ಆಜ್ಞೆ ಬಂದೊಡನೆ ಪ್ರಿಂಟರು, ತನಗೆ ಹೇಳಿರುವ ಪುಟದ ಉದ್ದದಲ್ಲಿ ಉಳಿದಿರುವಷ್ಟು ಸಾಲುಗಳನ್ನು ಸರಿಸಿ, ಮುಂದಿನ ಪುಟದ ತಲೆ ಎಂದು ತಾನು ನಂಬಿರುವ ಜಾಗಕ್ಕೆ ಬಂದು ನಿಲ್ಲುವುದು.

ಪುಟದ ಉದ್ದವನ್ನು ತಿಳಿಸಲೂ ಒಂದು ಆಜ್ಞೆಯುಂಟು. ಎಪ್ಸನ್ ಕಂಪನಿಯು ರೂಪಿಸಿದ, ಇತರ ಹಲವು ಪ್ರಿಂಟರುಗಳೂ ಅರಿಯುವ ಸಂಕೇತಭಾಷೆಯಲ್ಲಿ ೨೭, ೬೭, ೩೬ ಎಂಬ ಮೂರು ಸಂಖ್ಯೆಗಳನ್ನು ಕಳುಹಿಸಿದರೆ ‘ಇನ್ನು ಮುಂದೆ ಪುಟವೆಂದರೆ ೩೬ ಸಾಲು’ ಎಂದು ಅರ್ಥ. ೨೭, ೬೭, ೦, ೬ ಎಂದು ಕಳುಹಿಸಿದರೆ ‘ಪುಟವೆಂದರೆ ೬ ಅಂಗುಲ’ ಎಂದು ಅರ್ಥ. ಇಷ್ಟು ಚಿಕ್ಕ ಸಂದೇಶವೊಂದು ತಪ್ಪಿದರೆ ಆಗುವ ಅನಾಹುತವನ್ನು ಈಗ ನೋಡೋಣ.

ಆರರ ಒಗಟು

ನಾವು ಆ ೪೪ ಹಾಳೆಗಳನ್ನು ಹರಿಯದೆ ನೆಲದ ಮೇಲೆ ಉದ್ದಕ್ಕೆ ಹಾಸಿ ನೋಡಿದೆವು. ಸರಿಯಾಗಿದ್ದುವು ೧, ೭, ೧೩ ಮತ್ತು ೧೯ನೆಯ ರಸೀದಿಗಳು. ಆರರ ಅಂತರ! ಎರಡನೆಯದು ತನ್ನ ಸ್ಥಾನಕ್ಕಿಂತ ಒಂದು ಅಂಗುಲ ಮೇಲಿತ್ತು. ಮೂರನೆಯದು ಎರಡು ಅಂಗುಲ, ನಾಲ್ಕನೆಯದು ಮೂರು ಅಂಗುಲ, ಹೀಗೆಯೇ ಆರನೆಯದು ಐದು ಅಂಗುಲ. ಏಳನೆಯದು ಮತ್ತೆ ಸರಿಯಾಗಿತ್ತು.

ಕಾಗದ ಜಾರುತ್ತಿದ್ದರೆ ಹೀಗಾಗುವುದು ಸಾಧ್ಯವೆ? ಜಾರುವ ಕಾಗದ ಒಮ್ಮೆ ಹೆಚ್ಚು ಜಾರುವುದು, ಒಮ್ಮೆ ಕಡಿಮೆ ಜಾರುವುದು, ಒಮ್ಮೆ ಜಾರದೆಯೂ ಇರಬಹುದು. ಪ್ರತಿಸಲವೂ ಒಂದೇ ಅಂಗುಲದಷ್ಟು ಕ್ರಮವಾಗಿ ಸರಿಯುವ ತಪ್ಪು ಸವೆದ ಹಲ್ಲಿನಿಂದ ಹುಟ್ಟಿದುದಲ್ಲ. ಅದು ಎಣಿಕೆಯಿಂದ ಹುಟ್ಟಿದುದು. ಪ್ರಯೋಗಶಾಲೆಯಲ್ಲಿ ನಾವು ವಿದ್ಯಾರ್ಥಿಗಳಿಗೆ ಹೇಳಿಕೊಡುವ ಭೇದವೇ ಇದು. ಅಡ್ಡಾದಿಡ್ಡಿಯಾದ ದೋಷಕ್ಕೆ ಒಂದು ಬಗೆಯ ಕಾರಣ, ಕ್ರಮಬದ್ಧವಾದ ದೋಷಕ್ಕೆ ಇನ್ನೊಂದು ಬಗೆಯ ಕಾರಣ.

೨೪ ರಸೀದಿಗಳಿಗೆ ೪೪ ಹಾಳೆಗಳು, ಅಂದರೆ ೬ ರಸೀದಿಗಳಿಗೆ ೧೧ ಹಾಳೆಗಳು. ಒಂದೊಂದು ಹಾಳೆ ೬ ಅಂಗುಲದಂತೆ ೧೧ ಹಾಳೆಗಳ ಉದ್ದ ೬೬ ಅಂಗುಲ. ಅದನ್ನು ೬ ರಸೀದಿಗಳಿಗೆ ಹಂಚಿದರೆ ಒಂದೊಂದಕ್ಕೆ ೧೧ ಅಂಗುಲ. ೧೧ ಅಂಗುಲವೆಂದರೆ ಲೆಟರ್ ಹಾಳೆಯ ಎತ್ತರ! ಪ್ರಿಂಟರು ತನ್ನ ಮುಂದಿದ್ದುದು ೬ ಅಂಗುಲದ ರಸೀದಿಯೆಂಬುದನ್ನು ಅರಿಯದೆ, ತನಗೆ ಹೇಳಿದಂತೆ ೬೬ ಸಾಲುಗಳಿಗೊಮ್ಮೆ ಹೊಸ ಪುಟವನ್ನು ಆರಂಭಿಸುತ್ತಿತ್ತು. ಮೊದಲ ರಸೀದಿ ಸೊನ್ನೆಯಲ್ಲಿ ಆರಂಭವಾದರೆ ಎರಡನೆಯದು ೧೧ನೆಯ ಅಂಗುಲದಲ್ಲಿ ಆರಂಭವಾಗುವುದು. ಹಾಳೆಗಳು ಆರಂಭವಾಗುವುದಾದರೋ ೦, ೬, ೧೨, ೧೮ ಹೀಗೆ. ೧೨ಕ್ಕೆ ಒಂದು ಅಂಗುಲ ಮೊದಲೇ ಆರಂಭವಾದ್ದರಿಂದ ಆ ವಿದ್ಯಾರ್ಥಿನಿಯ ಹೆಸರು ಒಂದು ಹಾಳೆಯಲ್ಲಿಯೂ ಹಣ ಮತ್ತೊಂದು ಹಾಳೆಯಲ್ಲಿಯೂ ಬಿದ್ದುವು.

ಮತ್ತೆ ಎರಡೂ ಕೂಡುವುದು ಯಾವಾಗ? ೩೬ ಮತ್ತು ೬೬ ಇವೆರಡರ ಲಘುತಮ ಸಾಮಾನ್ಯ ಅಪವರ್ತ್ಯ ೩೯೬. ಅಷ್ಟು ಸಾಲುಗಳು ಸರಿದಾಗ ಯಂತ್ರವು ಆರು ಪುಟಗಳನ್ನೂ ಕಾಗದವು ಹನ್ನೊಂದು ಹಾಳೆಗಳನ್ನೂ ಮುಗಿಸಿ ಒಂದೇ ಗೆರೆಗೆ ಬರುತ್ತವೆ. ತುಸು ಬೇರೆಯಾದ ಎರಡು ಶ್ರುತಿಗಳನ್ನು ಒಟ್ಟಿಗೆ ನುಡಿಸಿದಾಗ ನಾದವು ಏರಿಳಿಯುವುದನ್ನು ವಿದ್ಯಾರ್ಥಿಗಳು ಕೇಳಿರಬಹುದು. ಅಲ್ಲಿಯೂ ಎರಡು ಆವರ್ತನಗಳು ಅಗಲುತ್ತ, ಮತ್ತೆ ಕೂಡುತ್ತ ಹೋಗುತ್ತವೆ. ಶಾಲೆಯಲ್ಲಿ ಕಲಿತು ಮರೆತ ಲ.ಸಾ.ಅ. ಹೀಗೆ ಕಚೇರಿಯ ಮೇಜಿನ ಮೇಲೆ ಬಂದು ಕುಳಿತಿತ್ತು.

ಮೂವರ ಒಪ್ಪಂದ

ಹಳೆಯ ಕಂಪ್ಯೂಟರಿನಲ್ಲಿ ಇಲ್ಲದ ತೊಂದರೆ ಹೊಸದರಲ್ಲಿ ಏಕೆ ಬಂತು? ಇದಕ್ಕೆ ಉತ್ತರವನ್ನು ಮುದ್ರಣದ ದಾರಿಯಲ್ಲಿ ಹುಡುಕಬೇಕು. ರಸೀದಿಯು ಕಂಪ್ಯೂಟರಿನಿಂದ ಕಾಗದಕ್ಕೆ ಇಳಿಯುವಾಗ ಮೂವರ ಕೈಯನ್ನು ಹಾದು ಬರುವುದು.

ಮೊದಲನೆಯದು ವರದಿಯನ್ನು ತಯಾರಿಸುವ ತಂತ್ರಾಂಶ. ಹೆಸರು ಎಲ್ಲಿ, ಮೊತ್ತ ಎಲ್ಲಿ ಎಂಬ ವಿನ್ಯಾಸ ಇದರಲ್ಲಿರುವುದು. ಎರಡನೆಯದು ಡ್ರೈವರ್ ಎಂಬ ಮಧ್ಯವರ್ತಿ ತಂತ್ರಾಂಶ. ವಿನ್ಯಾಸವನ್ನು ಪ್ರಿಂಟರಿನ ಸಂಕೇತಭಾಷೆಗೆ ತಿರುಗಿಸುವುದು ಇದರ ಕೆಲಸ. ಮೂರನೆಯದು ಪ್ರಿಂಟರು ಮತ್ತು ಅದರಲ್ಲಿರುವ ಕಾಗದ. ಕಾಗದದ ಅಳತೆಯ ವಿಷಯದಲ್ಲಿ ಈ ಮೂವರೂ ಒಂದೇ ಮಾತನ್ನು ಹೇಳಬೇಕು. ಇಬ್ಬರು ಒಪ್ಪಿ ಒಬ್ಬರು ಒಪ್ಪದಿದ್ದರೂ ಕೆಲಸ ಕೆಡುವುದು.

ವಿಂಡೋಸ್ ವ್ಯವಸ್ಥೆಯಲ್ಲಿ ಸಿದ್ಧ ಅಳತೆಗಳಿಗೆ ಕ್ರಮಾಂಕಗಳಿವೆ. ಲೆಟರ್ ಹಾಳೆಯ ಕ್ರಮಾಂಕ ೧, ಎ೪ರ ಕ್ರಮಾಂಕ ೯. ಈ ಕ್ರಮಾಂಕಗಳು ಎಲ್ಲ ಕಂಪ್ಯೂಟರುಗಳಲ್ಲಿಯೂ ಒಂದೇ. ನಮ್ಮ ೧೦ × ೬ ಅಂಗುಲದ ರಸೀದಿಯಾದರೋ ಇಂಥ ಪಟ್ಟಿಯಲ್ಲಿಲ್ಲ. ಅದನ್ನು ನಾವೇ ಹೆಸರಿಟ್ಟು ಪಟ್ಟಿಗೆ ಸೇರಿಸಬೇಕು. ಹಾಗೆ ಸೇರಿಸಿದ ಅಳತೆ ಆ ಒಂದು ಕಂಪ್ಯೂಟರಿನಲ್ಲಿ ಮಾತ್ರ ಉಳಿದಿರುವುದು. ತಂತ್ರಾಂಶದೊಡನೆಯಾಗಲಿ ಪ್ರಿಂಟರಿನೊಡನೆಯಾಗಲಿ ಬೇರೆ ಕಂಪ್ಯೂಟರಿಗೆ ಹೋಗುವುದಿಲ್ಲ. ಬಹಳ ಹಿಂದೆ ಯಾರೋ ಒಬ್ಬರು ಹಳೆಯ ಕಂಪ್ಯೂಟರಿನಲ್ಲಿ ಈ ಕೆಲಸವನ್ನು ಮಾಡಿ ಹೋಗಿದ್ದರು. ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ಹೊಸ ಕಂಪ್ಯೂಟರಿನಲ್ಲಿ ತಂತ್ರಾಂಶವು ತನ್ನ ಹಳೆಯ ಅಳತೆಯನ್ನು ಹುಡುಕಿತು, ಸಿಕ್ಕಲಿಲ್ಲ. ಆಗ ಅದು ದೂರು ಹೇಳದೆ ಡ್ರೈವರ್ ಕೊಟ್ಟ ಲೆಟರ್ ಹಾಳೆಯನ್ನೇ ಒಪ್ಪಿಕೊಂಡಿತು.

ಹೊಸ ಅಳತೆಯನ್ನು ಸೇರಿಸುವ ಕ್ರಮ ಹೀಗಿದೆ. ಆಡಳಿತಾಧಿಕಾರವುಳ್ಳವರು ಕಂಪ್ಯೂಟರಿನಲ್ಲಿ ಪ್ರಿಂಟರುಗಳ ವಿಭಾಗಕ್ಕೆ ಹೋಗಿ ‘ಪ್ರಿಂಟ್ ಸರ್ವರ್ ಪ್ರಾಪರ್ಟೀಸ್’ ಎಂಬುದನ್ನು ತೆರೆಯಬೇಕು. ಅದರಲ್ಲಿ ‘ಫಾರ್ಮ್ಸ್’ ಎಂಬ ಪುಟವಿರುವುದು. ಹೊಸ ಫಾರ್ಮನ್ನು ರಚಿಸುವ ಚೌಕಕ್ಕೆ ಗುರುತು ಹಾಕಿ, ಅದಕ್ಕೊಂದು ಹೆಸರನ್ನು ಕೊಟ್ಟು, ಅಗಲ ಎತ್ತರಗಳನ್ನು ತುಂಬಿ ಉಳಿಸಬೇಕು. ಅನಂತರ ಆ ಪ್ರಿಂಟರಿನ ಆಯ್ಕೆಗಳಲ್ಲಿ ಕಾಗದದ ಪಟ್ಟಿಯನ್ನು ತೆರೆದರೆ ಹೊಸ ಹೆಸರು ಕಾಣುವುದು, ಅದನ್ನು ಆರಿಸಬೇಕು. ಪ್ರಿಂಟರಿನ ಶಕ್ತಿಗೆ ಮೀರಿದ ಅಗಲವನ್ನು ಕೊಟ್ಟಿದ್ದರೆ ಹೆಸರು ಪಟ್ಟಿಯಲ್ಲಿ ಕಾಣಿಸದೆ ಹೋಗುವುದುಂಟು. ಕಡೆಗೆ ವರದಿಯ ವಿನ್ಯಾಸವನ್ನು ತೆರೆದು ಅದರ ಪುಟದ ಅಳತೆಯಲ್ಲಿಯೂ ಇದೇ ಹೆಸರನ್ನು ಆರಿಸಿ ಉಳಿಸಬೇಕು. ಈ ಕೊನೆಯ ಹೆಜ್ಜೆಯನ್ನು ಮರೆಯುವವರೇ ಹೆಚ್ಚು. ಲಿನಕ್ಸ್ ವ್ಯವಸ್ಥೆಯಲ್ಲಿ ಕಪ್ಸ್ ಎಂಬ ಮುದ್ರಣವ್ಯವಸ್ಥೆಯಿದೆ. ಡ್ರೈವರ್ ಒಪ್ಪುವುದಾದರೆ ಅಲ್ಲಿ ಅಗಲ ಎತ್ತರಗಳನ್ನು ಮುದ್ರಣದ ಆಜ್ಞೆಯಲ್ಲಿಯೇ ಬರೆದು ಕೊಡಬಹುದು.

ಇಲ್ಲಿ ಇನ್ನೊಂದು ಎಚ್ಚರ ಅವಶ್ಯಕ. ನಮ್ಮ ರಸೀದಿಯ ಅಗಲ ಎತ್ತರಕ್ಕಿಂತ ಹೆಚ್ಚು. ‘ಅಡ್ಡ ಹಾಳೆಯಲ್ಲವೆ?’ ಎಂದುಕೊಂಡು ಕೆಲವರು ‘ಲ್ಯಾಂಡ್‌ಸ್ಕೇಪ್’ ಎಂಬುದನ್ನು ಆರಿಸುತ್ತಾರೆ. ಆಗ ಅಕ್ಷರಗಳೇ ತಿರುಗಿ ಅಡ್ಡಡ್ಡಲಾಗಿ ಬರುತ್ತವೆ. ಕಾಗದ ಪ್ರಿಂಟರಿನೊಳಗೆ ಹೋಗುವ ದಿಕ್ಕನ್ನೇ ನೋಡಬೇಕು. ೧೦ ಅಂಗುಲದ ಬದಿ ಮುಂದಾಗಿ ಒಳಹೋಗುವುದಾದರೆ ಅದೇ ಅಗಲ, ಆರಿಸಬೇಕಾದುದು ‘ಪೋರ್ಟ್ರೇಟ್’.

ಸಣ್ಣ ಶೇಷಗಳು

ಹಿಂದಿನ ಉದಾಹರಣೆಯಲ್ಲಿ ತಪ್ಪು ಐದು ಅಂಗುಲಗಳಷ್ಟು ದೊಡ್ಡದು. ಕಣ್ಣಿಗೆ ಬೇಗ ಬಿದ್ದಿತು. ಚಿಕ್ಕ ತಪ್ಪುಗಳು ಇದಕ್ಕಿಂತ ಮೋಸದವು. ೧೧ ಅಂಗುಲದ ಹಾಳೆಯನ್ನು ಮೂರು ಭಾಗ ಮಾಡಿದ ಚೀಟಿಗಳನ್ನು ಕೆಲವೆಡೆ ಬಳಸುವರು. ಅದರ ಎತ್ತರ ೩⅔ ಅಂಗುಲ, ಸರಿಯಾಗಿ ೨೨ ಸಾಲು. ಇದನ್ನು ದಶಮಾಂಶದಲ್ಲಿ ಬರೆಯಲು ಹೊರಟರೆ ೩.೬೬೬… ಎಂದು ಮುಗಿಯದ ಸಂಖ್ಯೆ ಬರುವುದು. ತುಂಬುವವರು ೩.೬೬ ಎಂದು ತುಂಬಿದರೆಂದು ಇಟ್ಟುಕೊಳ್ಳೋಣ. ಬಿಟ್ಟುಹೋದುದು ಅಂಗುಲದ ೧೫೦ರಲ್ಲಿ ಒಂದು ಭಾಗ ಮಾತ್ರ. ಮಿಲಿಮೀಟರಿನ ಆರನೆಯ ಒಂದು ಭಾಗದಷ್ಟು. ಮೊದಲ ಚೀಟಿಯಲ್ಲಿ ಇದನ್ನು ಯಾರೂ ಕಾಣಲಾರರು. ಆದರೆ ಪ್ರಿಂಟರು ಈ ಸಂಖ್ಯೆಯನ್ನು ಯಥಾವತ್ತಾಗಿ ಪಾಲಿಸಿದರೆ, ೨೫ ಚೀಟಿಗಳಾಗುವ ಹೊತ್ತಿಗೆ ಬರಹ ಪೂರ್ತಿ ಒಂದು ಸಾಲು ಮೇಲೇರಿರುವುದು. ಎಪ್ಪತ್ತೈದು ಚೀಟಿಗಳಲ್ಲಿ ಮೂರು ಸಾಲು! ಹೆಸರಿನ ಚೌಕದಲ್ಲಿ ವಿಳಾಸ, ದಿನಾಂಕದ ಚೌಕದಲ್ಲಿ ಮೊತ್ತ ಬಂದು ಕೂಡಲು ಇಷ್ಟು ಸಾಕು. ಆದುದರಿಂದ ಇಂಥ ಸಂದರ್ಭದಲ್ಲಿ ಉದ್ದವನ್ನು ಅಂಗುಲಗಳಲ್ಲಿ ಹೇಳುವುದಕ್ಕಿಂತ, ಸಾಧ್ಯವಿದ್ದರೆ, ‘೨೨ ಸಾಲು’ ಎಂದು ಹೇಳುವುದು ಲೇಸು. ಪೂರ್ಣಾಂಕದಲ್ಲಿ ಶೇಷವುಳಿಯುವುದಿಲ್ಲ.

ಅಂಗುಲವನ್ನು ಮಿಲಿಮೀಟರಿಗೆ ತಿರುಗಿಸುವಾಗಲೂ ಇದೇ ಅಪಾಯ. ೧೯೫೯ರಿಂದ ಅಂಗುಲವೆಂದರೆ ಸರಿಯಾಗಿ ೨೫.೪ ಮಿಲಿಮೀಟರು ಎಂದು ಅಮೆರಿಕ, ಬ್ರಿಟನ್ ಮೊದಲಾದ ದೇಶಗಳು ಒಪ್ಪಿವೆ. ೨೫ ಎಂದು ಹಿಡಿದು ೬ ಅಂಗುಲದ ರಸೀದಿಯನ್ನು ೧೫೦ ಮಿ.ಮೀ. ಎಂದು ತುಂಬಿದರೆ ನಿಜವಾದ ೧೫೨.೪ಕ್ಕೆ ೨.೪ ಮಿ.ಮೀ. ಕಡಿಮೆ. ಎರಡು ರಸೀದಿಗಳಲ್ಲಿಯೇ ಒಂದು ಸಾಲಿಗಿಂತ ಹೆಚ್ಚು ಎತ್ತರದಷ್ಟು ಬರಹ ಏರಿಹೋಗುವುದು.

ಬಿಡಿ ಹಾಳೆಗಳನ್ನು ಬಳಸುವ ಲೇಸರ್ ಪ್ರಿಂಟರುಗಳಲ್ಲಿ ತಪ್ಪು ಹೀಗೆ ಕೂಡುತ್ತ ಹೋಗುವುದಿಲ್ಲ. ಪ್ರತಿಯೊಂದು ಹಾಳೆಯೂ ಹೊಸದಾಗಿ ಆರಂಭವಾಗುವುದು. ಆದರೆ ಅಲ್ಲಿ ಬೇರೊಂದು ಬಗೆಯ ದೋಷವುಂಟು. ಎ೪ ಹಾಳೆಗೆಂದು ಬರೆದ ಪುಟವನ್ನು ಲೆಟರ್ ಹಾಳೆಯೆಂದು ಭಾವಿಸಿದ ಡ್ರೈವರ್, ‘ಪುಟಕ್ಕೆ ಹೊಂದಿಸು’ ಎಂಬ ಆಯ್ಕೆಯಿದ್ದರೆ, ೨೯೭ ಮಿ.ಮೀ. ಎತ್ತರವನ್ನು ೨೭೯.೪ಕ್ಕೆ ಕುಗ್ಗಿಸುವುದು. ಎಲ್ಲವೂ ನೂರಕ್ಕೆ ೯೪ರಷ್ಟಾಗುವುದು. ಕಥೆ ಕಾದಂಬರಿಗಳಿಗೆ ಇದರಿಂದ ಹಾನಿಯಿಲ್ಲ. ಆದರೆ ಪ್ರಯೋಗಶಾಲೆಗೆಂದು ಮುದ್ರಿಸಿದ ಗ್ರಾಫ್ ಹಾಳೆಯಲ್ಲಿ ೧೦೦ ಮಿ.ಮೀ. ಇರಬೇಕಾದ ಗೆರೆ ೯೪ ಮಿ.ಮೀ. ಆಗುವುದು. ಅದರ ಮೇಲೆ ಕಿರಣಗಳ ಚಿತ್ರವನ್ನು ಬರೆದು ಚೌಕಗಳನ್ನೆಣಿಸಿ ದೂರವನ್ನು ಹೇಳಿದ ವಿದ್ಯಾರ್ಥಿಯ ಉತ್ತರ ತಪ್ಪಾದರೆ ಅದು ಅವನ ತಪ್ಪಲ್ಲ. ಇಂಥ ಹಾಳೆಗಳನ್ನು ಮುದ್ರಿಸುವಾಗ ‘ನಿಜಗಾತ್ರ’ ಎಂಬ ಅರ್ಥದ ಆಯ್ಕೆಯನ್ನೇ ಮಾಡಬೇಕು. ಮೊದಲ ಪ್ರತಿಯ ಮೇಲೆ ಅಳತೆಪಟ್ಟಿಯನ್ನಿಟ್ಟು ನೋಡಬೇಕು.

ಅಂಗಡಿ, ಬಸ್ಸುಗಳಲ್ಲಿ ಬಿಲ್ಲು ಟಿಕೆಟುಗಳನ್ನು ಕೊಡುವ ಶಾಖಮುದ್ರಣದ ಯಂತ್ರಗಳಲ್ಲಿ ಕಾಗದ ಸುರುಳಿಯಾಗಿರುವುದು. ಸುರುಳಿಯ ಅಗಲ ಸಾಮಾನ್ಯವಾಗಿ ೫೮ ಅಥವಾ ೮೦ ಮಿ.ಮೀ.; ೮೦ ಮಿ.ಮೀ. ಕಾಗದದಲ್ಲಿ ಮುದ್ರಣಕ್ಕೆ ಸಿಗುವುದು ಸುಮಾರು ೭೨ ಮಿ.ಮೀ. ಇಲ್ಲಿ ಉದ್ದವು ಬಿಲ್ಲಿನ ಸಾಲುಗಳಿಗೆ ತಕ್ಕಂತೆ ಬದಲಾಗಬೇಕು. ಪುಟದ ಉದ್ದವನ್ನು ಎ೪ ಎಂದು ಬಿಟ್ಟರೆ ಎರಡು ಸಾಲಿನ ಬಿಲ್ಲಿಗೂ ಒಂದು ಅಡಿ ಖಾಲಿ ಕಾಗದ ಹೊರಬರುವುದುಂಟು.

ದೋಷವನ್ನು ಗುರುತಿಸುವ ಬಗೆ

ಬೆಲೆಯುಳ್ಳ ಅಚ್ಚಾದ ಹಾಳೆಗಳನ್ನು ಪರೀಕ್ಷೆಗಾಗಿ ಹಾಳುಮಾಡಬಾರದು. ಅದೇ ಅಳತೆಯ ಖಾಲಿ ಕಾಗದವನ್ನು ಪ್ರಿಂಟರಿಗೆ ಹಾಕಿ, ಹರಿಗೆರೆಯನ್ನು ಸರಿಯಾದ ಸ್ಥಾನಕ್ಕೆ ತಂದ ಮೇಲೆ ವಿದ್ಯುತ್ತನ್ನು ಕೊಡಬೇಕು. ಪ್ರತಿ ಪುಟದ ತಲೆಯ ಬಳಿ ಒಂದು, ಬುಡದ ಬಳಿ ಒಂದು, ಹೀಗೆ ಎರಡು ಅಡ್ಡಗೆರೆಗಳಿರುವ ವರದಿಯನ್ನು ಹನ್ನೊಂದು ಪುಟ ಮುದ್ರಿಸಬೇಕು. ಅನಂತರ ಅಳತೆಪಟ್ಟಿಯನ್ನು ತೆಗೆದುಕೊಂಡು ಹರಿಗೆರೆಯಿಂದ ಈ ಗೆರೆಗಳ ದೂರವನ್ನು ಅಳೆಯಬೇಕು.

ಎಲ್ಲ ಪುಟಗಳಲ್ಲಿಯೂ ಗೆರೆಗಳು ಒಂದೇ ಪ್ರಮಾಣದಲ್ಲಿ ಮೇಲೋ ಕೆಳಗೋ ಇದ್ದರೆ ಅದು ವರ್ನಿಯರ್ ಕ್ಯಾಲಿಪರ್ಸಿನ ಶೂನ್ಯದೋಷದಂಥದು. ಪುಟದ ಉದ್ದ ಸರಿಯಾಗಿದೆ, ಆರಂಭದ ಸ್ಥಾನ ಮಾತ್ರ ತಪ್ಪಿದೆ. ಕಾಗದವನ್ನು ಮತ್ತೆ ಹೊಂದಿಸಿದರೆ ಸಾಕು. ಒಂದೇ ಪುಟದೊಳಗೆ ಎರಡು ಗೆರೆಗಳ ನಡುವಣ ದೂರವೇ ತಪ್ಪಾಗಿದ್ದರೆ ಅದು ಅಳತೆಪಟ್ಟಿಯೇ ಕುಗ್ಗಿದಂತೆ; ಗಾತ್ರವನ್ನು ಹೊಂದಿಸುವ ಆಯ್ಕೆಯನ್ನೋ ಸಾಲುಗಳ ಅಂತರವನ್ನೋ ನೋಡಬೇಕು. ಪುಟದಿಂದ ಪುಟಕ್ಕೆ ಸಮವಾಗಿ ಬೆಳೆಯುತ್ತ ಹೋದರೆ ತಪ್ಪು ಪುಟದ ಉದ್ದದಲ್ಲಿದೆ. ಯಾವ ಕ್ರಮವೂ ಕಾಣದಿದ್ದರೆ ಮಾತ್ರ ಕಾಗದದ ಜಾರುವಿಕೆ, ಸವೆದ ಹಲ್ಲು ಮೊದಲಾದುವನ್ನು ಸಂಶಯಿಸಬೇಕು.

ಹನ್ನೊಂದು ಪುಟಗಳು ಏಕೆ ಎಂದು ವಾಚಕರು ಕೇಳಬಹುದು. ಲೋಲಕದ ಒಂದು ಆಂದೋಲನದ ಕಾಲವನ್ನು ತಿಳಿಯಲು ನಾವು ಇಪ್ಪತ್ತು ಆಂದೋಲನಗಳ ಕಾಲವನ್ನು ಅಳೆದು ಇಪ್ಪತ್ತರಿಂದ ಭಾಗಿಸುವೆವಷ್ಟೆ? ಇಲ್ಲಿಯೂ ಹಾಗೆಯೇ. ಹನ್ನೊಂದು ಪುಟಗಳ ನಡುವೆ ಹತ್ತು ಅಂತರಗಳಿವೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಗೆರೆ ೫ ಮಿ.ಮೀ. ಸರಿದಿದ್ದರೆ ಪುಟಕ್ಕೆ ಅರ್ಧ ಮಿಲಿಮೀಟರಿನಂತೆ ತಪ್ಪಿದೆ ಎಂದಾಯಿತು. ಒಂದೇ ಪುಟವನ್ನು ಅಳೆದು ಇಷ್ಟು ಸೂಕ್ಷ್ಮವಾದ ಅಂತರವನ್ನು ಸಾಧಾರಣ ಅಳತೆಪಟ್ಟಿಯಿಂದ ನೆಚ್ಚಿಕೆಯಾಗಿ ಹೇಳುವುದು ಕಷ್ಟ. ಕೂಡುತ್ತ ಹೋಗುವ ದೋಷವು ಹೀಗೆ ತನ್ನನ್ನು ತಾನೇ ದೊಡ್ಡದು ಮಾಡಿ ತೋರಿಸುತ್ತದೆ.

ತೊಂದರೆಯಾದಾಗ ಕೆಲವರು ಪ್ರಿಂಟರಿನ ಬದಿಯ ಗುಬಟನ್ನು ಕೈಯಿಂದ ತಿರುಗಿಸಿ ಕಾಗದವನ್ನು ಸರಿಮಾಡಲು ನೋಡುತ್ತಾರೆ. ಆ ಕಚೇರಿಯ ಗುಮಾಸ್ತರೂ ಒಂದು ಮಧ್ಯಾಹ್ನವೆಲ್ಲ ಹಾಗೆ ಮಾಡಿದ್ದರು. ಕೈಯಿಂದ ಸರಿಸಿದ ಸಾಲುಗಳು ಯಂತ್ರದ ಎಣಿಕೆಗೆ ಬರುವುದಿಲ್ಲ. ಆ ಒಂದು ರಸೀದಿ ಸರಿಹೋಗುವುದು. ಎಣಿಕೆ ತಪ್ಪಾಗಿಯೇ ಉಳಿದಿರುವುದರಿಂದ ಮುಂದಿನದು ಮತ್ತೆ ಕೆಡುವುದು.

ಆ ಕಚೇರಿಯಲ್ಲಿ ಮುಂದೇನಾಯಿತೆಂಬುದನ್ನು ಹೇಳಿ ಈ ಲೇಖನವನ್ನು ಮುಗಿಸುವೆವು. ೧೦ × ೬ ಅಂಗುಲದ ಹೊಸ ಫಾರ್ಮನ್ನು ರಚಿಸಿ, ಡ್ರೈವರಿನಲ್ಲಿಯೂ ವರದಿಯಲ್ಲಿಯೂ ಅದನ್ನು ಆರಿಸಿ, ಖಾಲಿ ಕಾಗದದ ಮೇಲೆ ಹನ್ನೊಂದು ಪುಟಗಳನ್ನು ಮುದ್ರಿಸಿ ನೋಡಿದುದಾಯಿತು. ಗೆರೆಗಳು ಕದಲಲಿಲ್ಲ. ಹಾಳಾದ ಹಾಳೆಗಳಿಗೆಲ್ಲ ಅಡ್ಡಗೀಟು ಹಾಕಿ, ಅವುಗಳ ಸಂಖ್ಯೆಗಳನ್ನೂ ಹಾಳಾದ ಕಾರಣವನ್ನೂ ಪುಸ್ತಕದಲ್ಲಿ ಬರೆದು ಮೇಲಧಿಕಾರಿಗಳ ರುಜು ಪಡೆದುದಾಯಿತು. ಆ ವಿದ್ಯಾರ್ಥಿನಿಗೆ ಹೆಸರೂ ಮೊತ್ತವೂ ಒಂದೇ ಹಾಳೆಯಲ್ಲಿರುವ ರಸೀದಿ ಅದೇ ಸಂಜೆ ಸಿಕ್ಕಿತು. ಅವಳ ಅರ್ಜಿ ಸಕಾಲದಲ್ಲಿ ಹೋಯಿತು. ಹೊಸ ಪ್ರಿಂಟರನ್ನು ಕೊಳ್ಳಲಿಲ್ಲ. ಮುಂದಿನವರಿಗೆ ಉಪಯೋಗವಾಗಲೆಂದು ಫಾರ್ಮಿನ ಹೆಸರು, ಅಗಲ, ಎತ್ತರಗಳನ್ನು ಒಂದು ಚೀಟಿಯಲ್ಲಿ ಬರೆದು ಪ್ರಿಂಟರಿನ ಮುಚ್ಚಳದ ಒಳಗಡೆ ಅಂಟಿಸಿದೆವು.

ನಿಮ್ಮ ಶಾಲೆಯಲ್ಲಿಯೋ ಮನೆಯಲ್ಲಿಯೋ ಯಂತ್ರವೊಂದು ತಪ್ಪು ಮಾಡಿದಾಗ ಅದು ಕೆಟ್ಟಿತೆಂದು ಒಡನೆ ತೀರ್ಮಾನಿಸಬೇಡಿ. ತಪ್ಪುಗಳನ್ನು ಸಾಲಾಗಿ ಹಾಸಿ ನೋಡಿ. ಅವುಗಳಲ್ಲಿ ಕ್ರಮವಿದ್ದರೆ ಯಂತ್ರವು ತನಗೆ ಹೇಳಿದುದನ್ನು ತಪ್ಪದೆ ಮಾಡುತ್ತಿರುವುದೇ ಹೆಚ್ಚು ಸಂಭವ, ನಾವು ಏನನ್ನು
ಹೇಳಿದೆವೆಂಬುದನ್ನು ಆಗ ಹುಡುಕಬೇಕು.